ತಪ್ಪು–ಒಪ್ಪುಗಳ ಪುಟ

(ಬಾನುಲಿ ಭಾಷಣ)



ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಒಂದು ಪುಟವಿರುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದರ ತಲೆಯ ಮೇಲೆ ‘ತಪ್ಪು–ಒಪ್ಪು’ ಎಂದು ಅಚ್ಚಾಗಿರುತ್ತಿತ್ತು. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗಿರುವುದನ್ನು ಹೀಗೆ ಓದಿಕೊಳ್ಳಬೇಕು ಎಂಬ ಪಟ್ಟಿ ಅದು. ಅದನ್ನು ಓದುತ್ತಿದ್ದವರು ಬಹಳ ಕಡಮೆ. ಆದರೆ ಅದು ಇದ್ದಿತು ಎಂಬುದೇ ದೊಡ್ಡ ಸಂಗತಿ. ಬರೆದವನೂ ಅಚ್ಚುಹಾಕಿದವನೂ ಓದುಗನ ಮುಂದೆ ನಿಂತು, ‘ನಮ್ಮಿಂದ ಇಷ್ಟು ತಪ್ಪಾಗಿದೆ’ ಎಂದು ಹೇಳುತ್ತಿದ್ದ ಪುಟ ಅದು. ನಮ್ಮ ಹಿರಿಯರು ತಪ್ಪಿನ ಎದುರಿಗೆ ‘ಸರಿ’ ಎಂದು ಬರೆಯಲಿಲ್ಲ, ‘ಒಪ್ಪು’ ಎಂದು ಬರೆದರು. ಸರಿಯಾದ ರೂಪ ಎಂಬ ಅರ್ಥವೂ, ತಪ್ಪನ್ನು ಒಪ್ಪಿಕೊಳ್ಳುವುದು ಎಂಬ ಅರ್ಥವೂ ಆ ಒಂದೇ ಮಾತಿನಲ್ಲಿ ಅಡಗಿವೆ. ವಿದ್ವತ್ ಪತ್ರಿಕೆಗಳ ನೀತಿಯನ್ನು ಕುರಿತು ನಾನು ಇಂದು ಹೇಳಬೇಕೆಂದಿರುವುದೆಲ್ಲ ಬಹುಮಟ್ಟಿಗೆ ಈ ಮಾತಿನ ವಿವರಣೆಯೇ ಆಗಿದೆ.

ಈ ವಿಷಯ ನನ್ನ ಮನಸ್ಸನ್ನು ಹೊಕ್ಕದ್ದು ಒಂದು ಸಂಜೆ ನಮ್ಮ ಶೇಷಾದ್ರಿಪುರದ ಮನೆಯ ಜಗಲಿಯ ಮೇಲೆ. ಪಕ್ಕದ ಅಡ್ಡರಸ್ತೆಯಲ್ಲಿ ವಾಸವಾಗಿರುವ ತರುಣ ಅಧ್ಯಾಪಕರೊಬ್ಬರು ಒಂದು ಕಾಗದವನ್ನು ಹಿಡಿದುಕೊಂಡು ಬಂದರು. ಅವರು ಕಳುಹಿಸಿದ್ದ ಪ್ರಬಂಧವನ್ನು ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವುಳ್ಳ ಒಂದು ಪತ್ರಿಕೆ ಸ್ವೀಕರಿಸಿದೆ. ತಜ್ಞರ ಪರಿಶೀಲನೆ ಮೂರು ದಿನಗಳಲ್ಲಿ ಮುಗಿದಿದೆ. ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ಶುಲ್ಕ ಸಂದ ಕೂಡಲೇ ಪ್ರಕಟಣೆ. ಇಷ್ಟು ಆ ಕಾಗದದ ಸಾರ. “ಸಾರ್, ಹಣ ಕಟ್ಟಿಬಿಡಲೇ?” ಎಂದು ಅವರು ಕೇಳಿದರು. ಧ್ವನಿಯಲ್ಲಿ ಸಂತೋಷವಿರಲಿಲ್ಲ. ಬಡ್ತಿಗೆ ಇನ್ನು ಎರಡು ಪ್ರಬಂಧಗಳು ಬೇಕು, ಮನೆಯಲ್ಲಿ ಖರ್ಚು ಬೆಳೆದಿದೆ, ಜೊತೆಯವರು ಹೀಗೆಯೇ ಮುಂದೆ ಹೋಗಿದ್ದಾರೆ. ಕೂಡದು ಎಂದು ಹೇಳುವುದು ನನ್ನಂಥ ನಿವೃತ್ತನಿಗೆ ಸುಲಭ. ಸುಲಭವಾಗಿದ್ದರಿಂದಲೇ ನನಗೆ ತಕ್ಷಣ ಹೇಳಲಾಗಲಿಲ್ಲ. ‘ನಾಳೆ ಮಾತನಾಡೋಣ’ ಎಂದು ಕಳುಹಿಸಿದೆ.

ವಿದ್ವತ್ ಪತ್ರಿಕೆ ಎಂಬುದು ಏತಕ್ಕಾಗಿ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದ. ವಿದ್ವಾಂಸರು ತಮ್ಮ ತಮ್ಮೊಳಗೆ ಬರೆದುಕೊಳ್ಳುತ್ತಿದ್ದ ಕಾಗದಗಳ ಸ್ಥಾನದಲ್ಲಿ, ಎಲ್ಲರೂ ಓದಬಹುದಾದ, ದಿನಾಂಕವುಳ್ಳ, ಹೆಸರುಳ್ಳ ಅಚ್ಚಿನ ಹಾಳೆ ಬಂದಿತು. ಇದನ್ನು ಮೊದಲು ಕಂಡವರು ಯಾರು, ಯಾವಾಗ ಕಂಡರು, ಹೇಗೆ ಕಂಡರು, ಬೇರೆಯವರು ಅದನ್ನು ಪರೀಕ್ಷಿಸಿ ನೋಡುವುದು ಹೇಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ಸಾಕ್ಷಿಪತ್ರ ಅದು.

ಇಂಥ ಸಾಕ್ಷಿಯ ಬೆಲೆಯನ್ನು ನಮ್ಮ ಊರೇ ಕಂಡಿದೆ. ಶೇಷಾದ್ರಿಪುರದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿರುವ ಸೆಂಟ್ರಲ್ ಕಾಲೇಜಿನಲ್ಲಿ 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಅವರು ತಮ್ಮ ಹೊಸ ಬೆಳಕಿನ ವಿಚಾರವಾಗಿ ಉಪನ್ಯಾಸ ಮಾಡಿದರು. ಕಲ್ಕತ್ತೆಯಲ್ಲಿ ಫೆಬ್ರವರಿ 28ರಂದು ಕಂಡದ್ದನ್ನು ಮೂರು ವಾರಗಳೊಳಗೆ ಇಲ್ಲಿ ವಿವರಿಸಿದರು. ಅದೇ ತಿಂಗಳ ಕೊನೆಯಲ್ಲಿ ಆ ಉಪನ್ಯಾಸ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಪ್ರತಿಗಳು ಹೊರದೇಶದ ವಿಜ್ಞಾನಿಗಳಿಗೆ ರವಾನೆಯಾದವು. ಅದೇ ವರ್ಷ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬಿಬ್ಬರು ಹರಳುಗಳಲ್ಲಿ ಇದೇ ವಿದ್ಯಮಾನವನ್ನು ಕಂಡಿದ್ದರು. ಯಾರು ಮೊದಲು ಎಂಬ ಚರ್ಚೆ ಬಂದಾಗ ಅಚ್ಚಿನ ದಿನಾಂಕ ಮಾತನಾಡಿತು. ಆದರೆ ನಾನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುವುದು ಬೇರೊಂದು ಅಂಶವನ್ನು. ಆ ಉಪನ್ಯಾಸದಲ್ಲಿ ರಾಮನ್ ಅವರು ತಮ್ಮ ಸಹೋದ್ಯೋಗಿ ಕೆ. ಎಸ್. ಕೃಷ್ಣನ್ ಅವರ ಸಹಕಾರವನ್ನೂ ಎಸ್. ವೆಂಕಟೇಶ್ವರನ್ ಅವರ ನೆರವನ್ನೂ ಹೆಸರು ಹೇಳಿ ಸ್ಮರಿಸಿದ್ದಾರೆ. ಮೊದಲಿಗನೆಂಬ ಹಕ್ಕನ್ನು ಕೇಳುವವನು ಜೊತೆಗಾರರ ಪಾಲನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು. ಹಕ್ಕೂ ಋಣವೂ ಒಂದೇ ಕಡೆ ಅಚ್ಚಾಗಬೇಕು. ಇದು ಲೇಖಕನ ಮೊದಲನೆಯ ಹೊಣೆ.

ಕನ್ನಡದ ವಿದ್ವತ್ ಪತ್ರಿಕೆಗಳ ಹಾದಿಯೂ ಬಹುಪಾಲು ಇದೇ ನೆರೆಹೊರೆಯದು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿತು, ಮರುವರ್ಷ ಪರಿಷತ್ಪತ್ರಿಕೆ ಬಂದಿತು. 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಈ ಪತ್ರಿಕೆಗಳಲ್ಲಿ ಬರೆದವರಿಗೆ ಬಡ್ತಿಯ ಅಂಕಗಳು ದೊರೆಯುತ್ತಿರಲಿಲ್ಲ. ಒಂದು ಶಬ್ದದ ಅರ್ಥಕ್ಕಾಗಿ, ಒಬ್ಬ ಕವಿಯ ಕಾಲಕ್ಕಾಗಿ ಸಂಚಿಕೆಯಿಂದ ಸಂಚಿಕೆಗೆ ವಾದ ಬೆಳೆಯುತ್ತಿದ್ದಿತು. ವಾದದ ಕೊನೆಗೆ ಯಾರಾದರೊಬ್ಬರು ಬಾಗಬೇಕಾಗುತ್ತಿದ್ದಿತು.

ಬಾಗುವುದರಿಂದ ವಿದ್ಯೆ ಕುಗ್ಗುವುದಿಲ್ಲ ಎಂಬುದಕ್ಕೆ ನಮ್ಮ ಶಾಸನಶಾಸ್ತ್ರವೇ ನಿದರ್ಶನ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಹೊರತಂದಾಗ ಅದರಲ್ಲಿ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿದಾಗ 500 ಆದವು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಮತ್ತೊಮ್ಮೆ ಹೊರತಂದಾಗ 573 ಆದವು. ಹೊಸ ಪಾಠಗಳನ್ನು ಸೇರಿಸಿದರು, ಹಳೆಯ ಪಾಠಗಳನ್ನು ತಿದ್ದಿದರು. ಇದರಿಂದ ರೈಸ್ ಅವರ ಗೌರವಕ್ಕೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಪ್ರಾಮಾಣಿಕವಾದ ತಪ್ಪು ಮುಂದಿನವನಿಗೆ ಮೆಟ್ಟಿಲಾಗುತ್ತದೆ. ಮುಚ್ಚಿಟ್ಟ ತಪ್ಪು ಹಾಗಲ್ಲ, ಅದು ಮುಂದಿನವನಿಗೆ ಹಳ್ಳವಾಗುತ್ತದೆ.

ಅಂಥ ಹಳ್ಳವೊಂದರ ಕಥೆ ಹಿಮಾಲಯಕ್ಕೆ ಸಂಬಂಧಿಸಿದುದಾದರೂ ನಮ್ಮ ಗವಿಪುರದೊಡನೆ ಅದಕ್ಕೆ ನಂಟಿದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿ. ಜೆ. ಗುಪ್ತ ಎಂಬುವರು ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಹಿಮಾಲಯದ ಪಳೆಯುಳಿಕೆಗಳ ವಿಚಾರವಾಗಿ ನೂರಾರು ಪ್ರಬಂಧಗಳನ್ನು ಪ್ರಕಟಿಸಿದರು. ಅವರ ಜೊತೆಯಲ್ಲಿ ಹೆಸರು ಹಾಕಿದ ಸಹಲೇಖಕರು ನೂರಕ್ಕೂ ಹೆಚ್ಚು ಮಂದಿ. ಆಸ್ಟ್ರೇಲಿಯದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ 1989ರ ಏಪ್ರಿಲಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಹಿಮಾಲಯದಲ್ಲಿ ದೊರೆತವೆಂದು ಹೇಳಲಾದ ಪಳೆಯುಳಿಕೆಗಳಲ್ಲಿ ಅನೇಕವು ಮೊರಾಕೊ ದೇಶದಿಂದಲೋ ನ್ಯೂಯಾರ್ಕಿನ ಕಡೆಯಿಂದಲೋ ಬಂದಂತಿವೆ ಎಂದು ತೋರಿಸಿದರು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವಂಥ ಕಲ್ಲುಗಳು ಹಿಮಾಲಯದ ಚರಿತ್ರೆಯನ್ನು ಬರೆಯತೊಡಗಿದ್ದವು!

ಇದು ಒಬ್ಬ ವ್ಯಕ್ತಿಯ ಪ್ರಮಾದವಾಗಿ ಮುಗಿಯುವಂತಿರಲಿಲ್ಲ. ಅವರ ಪ್ರಬಂಧಗಳನ್ನು ನಂಬಿ ಬೇರೆಯವರು ನಕ್ಷೆ ಬರೆದಿದ್ದರು, ಕಾಲನಿರ್ಣಯ ಮಾಡಿದ್ದರು, ಆ ನಿರ್ಣಯಗಳ ಮೇಲೆ ಮತ್ತೊಬ್ಬರು ಸಿದ್ಧಾಂತ ಕಟ್ಟಿದ್ದರು. ಆಗ 1990ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಜರ್ನಲ್ ಆಫ್ ದಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ’ ಪತ್ರಿಕೆ ಟ್ಯಾಲೆಂಟ್ ಮತ್ತು ಅವರ ಸಂಗಡಿಗರ ದೀರ್ಘ ಲೇಖನವನ್ನು ಪ್ರಕಟಿಸಿತು. ಹಿಮಾಲಯದ ಪಳೆಯುಳಿಕೆಗಳ ಮಾಹಿತಿಯ ಭಂಡಾರವೇ ಕಲುಷಿತವಾಗಿದೆ, ಅದರಲ್ಲಿ ಕೃತಿಚೌರ್ಯವೂ ಸೇರಿದೆ ಎಂಬುದನ್ನು ಲೇಖನದ ತಲೆಬರಹವೇ ಸಾರುತ್ತಿದ್ದಿತು. ಆ ಪತ್ರಿಕೆಯ ಸಂಪಾದಕರಾಗಿದ್ದವರು ಬಿ. ಪಿ. ರಾಧಾಕೃಷ್ಣ. ಮೈಸೂರು ಸೀಮೆಯ ಕಲ್ಲುಗಳನ್ನು ಕಾಲ್ನಡಿಗೆಯಲ್ಲಿ ಅರಿತವರು, 1958ರಲ್ಲಿ ಆ ಸಂಘದ ಸ್ಥಾಪನೆಗೆ ಮುಂದೆ ನಿಂತವರು. ನಮ್ಮ ದೇಶದ ವಿಜ್ಞಾನದ ಮಾನ ಹೋಗುವಂಥ ಮಾತನ್ನು, ಅದರಲ್ಲಿಯೂ ಹೊರಗಿನವರು ಆಡಿದುದನ್ನು, ನಮ್ಮದೇ ಪತ್ರಿಕೆಯಲ್ಲಿ ಅಚ್ಚುಹಾಕುವುದು ಸಾಮಾನ್ಯವಾದ ಧೈರ್ಯವಲ್ಲ. ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆದರೆ ಮನೆಯ ಬಾವಿಯ ನೀರು ಕೆಟ್ಟಿದೆ ಎಂದು ಮನೆಯವರಿಗೆ ಮೊದಲು ಹೇಳಬೇಕಾದವರು ಮನೆಯವರೇ ಅಲ್ಲವೆ? ಸಂಪಾದಕನ ಹೊಣೆ ಎಂದರೆ ಇದು. ಅವನು ಲೇಖಕನಿಗೆ ಮರ್ಯಾದೆಯ ಋಣಿ, ಓದುಗನಿಗೆ ಸತ್ಯದ ಋಣಿ. ಎರಡೂ ಋಣಗಳನ್ನು ಒಟ್ಟಿಗೆ ತೀರಿಸಲಾಗದ ದಿನ ಎರಡನೆಯದನ್ನು ತೀರಿಸಬೇಕು.

ಗುಪ್ತರ ಪ್ರಸಂಗದಲ್ಲಿ ಇನ್ನೊಂದು ಪಾಠವಿದೆ. ನೂರಕ್ಕೂ ಹೆಚ್ಚು ಸಹಲೇಖಕರಲ್ಲಿ ಬಹುಮಂದಿ ಪ್ರಾಮಾಣಿಕರು. ಕಳುಹಿಸಿಕೊಟ್ಟ ಮಾದರಿಯನ್ನು ಪರೀಕ್ಷಿಸಿ ಇದು ಇಂಥ ಜೀವಿ ಎಂದು ಹೇಳಿದವರು. ಅದು ಎಲ್ಲಿ ಸಿಕ್ಕಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಆ ಸ್ಥಳಕ್ಕೆ ಹೋಗಿ ನೋಡಲಿಲ್ಲ. ಪ್ರಬಂಧದ ನೆತ್ತಿಯ ಮೇಲೆ ಹೆಸರು ಹಾಕುವುದೆಂದರೆ ಮದುವೆಯ ಕರೆಯೋಲೆಯಲ್ಲಿ ಬಂಧುಗಳ ಹೆಸರು ಹಾಕಿದಂತಲ್ಲ. ಅದು ಸಾಲಪತ್ರಕ್ಕೆ ಜಾಮೀನು ಹಾಕಿದಂತೆ. ಅಸಲು ತೆಗೆದುಕೊಂಡವನು ತಪ್ಪಿಸಿಕೊಂಡರೆ ಜಾಮೀನುದಾರನ ಮನೆಗೆ ಜನ ಬರುತ್ತಾರೆ.

ಹಾಗೆ ಬಂದಾಗ ಬಾಗಿಲು ತೆರೆಯುವುದೂ ಉಂಟು. 2020ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಒಂದು ಪ್ರಯೋಗಶಾಲೆಯಿಂದ ಹೊರಟ ಪ್ರಬಂಧ ‘ನೇಚರ್ ಕೆಮಿಕಲ್ ಬಯಾಲಜಿ’ ಎಂಬ ದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಚಿತ್ರಗಳಲ್ಲಿ ಅಸಹಜತೆಗಳಿವೆ ಎಂದು ಓದುಗರು ಎತ್ತಿ ತೋರಿದರು. ವಿಚಾರಣೆ ನಡೆಯಿತು, ಚಿತ್ರಗಳನ್ನು ತಿರುಚಲಾಗಿದೆ ಎಂಬುದು ಹೊರಬಿದ್ದಿತು, 2021ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಸುದ್ದಿ ಬಂದಾಗ ಅನೇಕರು ಅವಮಾನವಾಯಿತೆಂದರು. ನನಗೆ ಪೂರ್ತಿಯಾಗಿ ಹಾಗೆನಿಸಲಿಲ್ಲ. ತಪ್ಪು ನಡೆದದ್ದು ನಿಜ. ಆದರೆ ಅಚ್ಚಾದ ಒಂದು ವರ್ಷದೊಳಗೆ ಅದು ಹೊರಬಿದ್ದು, ಎಲ್ಲರಿಗೂ ಕಾಣುವಂತೆ ದಾಖಲೆಯಾಯಿತು. ಹಿಮಾಲಯದ ಕಲ್ಲುಗಳಿಗೆ ಇಪ್ಪತ್ತೈದು ವರ್ಷ ಬೇಕಾಗಿದ್ದಿತು.

ಈಗ ನನ್ನ ತರುಣ ಮಿತ್ರರ ಕಾಗದಕ್ಕೆ ಬರುತ್ತೇನೆ. ತಪ್ಪು ಹೊರಬೀಳಬೇಕಾದರೆ ಯಾರಾದರೂ ಓದಬೇಕು. ಯಾರೂ ಓದದ ಪತ್ರಿಕೆಗಳ ಒಂದು ಲೋಕವೇ ಈಗ ಬೆಳೆದಿದೆ. ಲೇಖಕನಿಂದ ಹಣ ಪಡೆದು, ಪರಿಶೀಲನೆಯ ಸೋಗು ಹಾಕಿ, ಬಂದುದನ್ನೆಲ್ಲ ಪ್ರಕಟಿಸುವ ವ್ಯಾಪಾರ ಅದು. ಲೇಖಕನಿಂದ ಶುಲ್ಕ ಪಡೆಯುವುದೇ ಪಾಪವಲ್ಲ. ಓದುಗರಿಗೆ ಉಚಿತವಾಗಿ ಕೊಡುವ ಕೆಲವು ಒಳ್ಳೆಯ ಪತ್ರಿಕೆಗಳೂ ಹಾಗೆ ಪಡೆಯುತ್ತವೆ. ಪರಿಶೀಲಿಸದೆ ಪರಿಶೀಲಿಸಿದ್ದೇವೆ ಎನ್ನುವುದು ಪಾಪ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ‘ಸೈನ್ಸ್’ ಪತ್ರಿಕೆಯ ಪರವಾಗಿ, ಎದ್ದುಕಾಣುವ ದೋಷಗಳಿದ್ದ ಒಂದು ಕಟ್ಟುಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳುಹಿಸಿದರು. ಅವುಗಳಲ್ಲಿ 157 ಅದನ್ನು ಸ್ವೀಕರಿಸಿದವು. ಅವರ ಪಟ್ಟಿಯಲ್ಲಿದ್ದ ಪತ್ರಿಕೆಗಳ ಪೈಕಿ ಸುಮಾರು ಮೂರನೆಯ ಒಂದು ಪಾಲು ನಮ್ಮ ದೇಶದವು. 2019ರಲ್ಲಿ ಅಮೆರಿಕದ ಒಂದು ನ್ಯಾಯಾಲಯ ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ವಿದ್ವಾಂಸರನ್ನು ವಂಚಿಸಿದೆಯೆಂದು ತೀರ್ಮಾನಿಸಿ, ಐದು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆರಬೇಕೆಂದು ಆಜ್ಞಾಪಿಸಿತು.

ಈ ವ್ಯಾಪಾರಕ್ಕೆ ಗಿರಾಕಿಗಳು ಎಲ್ಲಿಂದ ಬಂದರು? ಅಧ್ಯಾಪಕರೆಲ್ಲ ಒಮ್ಮೆಲೇ ನೀತಿಗೆಟ್ಟರೆಂದು ನಾನು ನಂಬಲಾರೆ. ನೇಮಕಕ್ಕೆ, ಬಡ್ತಿಗೆ, ಸಂಶೋಧನ ಪದವಿಗೆ ಇಷ್ಟು ಪ್ರಬಂಧಗಳು ಬೇಕೆಂದು ನಿಯಮ ಮಾಡಿದವರು ಅವುಗಳನ್ನು ಎಣಿಸುವ ಏರ್ಪಾಟು ಮಾಡಿದರು, ಓದುವ ಏರ್ಪಾಟು ಮಾಡಲಿಲ್ಲ. ಎಣಿಕೆಯಿದ್ದಲ್ಲಿ ರಾಶಿ ಬೆಳೆಯುತ್ತದೆ, ಕಾಳು ಬೆಳೆಯಬೇಕೆಂದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನು ಮಾಡಿತು. ವಿಶ್ವವಿದ್ಯಾನಿಲಯಗಳೇ ಶಿಫಾರಸು ಮಾಡಿ ಆ ಪಟ್ಟಿಗೆ ಸೇರಿಸಿದ್ದ ಪತ್ರಿಕೆಗಳಲ್ಲಿ 1009ನ್ನು ವಿದ್ವಾಂಸರ ತಂಡವೊಂದು ಪರಿಶೀಲಿಸಿ, ನೂರಕ್ಕೆ 88ಕ್ಕೂ ಹೆಚ್ಚು ಕಳಪೆಯವೆಂದು ಕಂಡುಕೊಂಡಿತು. ಆ ವರದಿ 2018ರ ಮಾರ್ಚಿನಲ್ಲಿ ಪ್ರಕಟವಾದದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, 1932ರಿಂದ ನಮ್ಮ ಊರಿನಿಂದಲೇ ಹೊರಡುತ್ತಿರುವ ಪತ್ರಿಕೆಯಲ್ಲಿ, ಎಂಬುದು ನನಗೆ ಸಮಾಧಾನದ ಸಂಗತಿ. ಅದೇ ಮೇ ತಿಂಗಳಲ್ಲಿ ಆಯೋಗ 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಅನಂತರ 2019ರಲ್ಲಿ ಬೇರೊಂದು ಪಟ್ಟಿ ಬಂದಿತು. 2025ರಲ್ಲಿ ಅದನ್ನೂ ಕೈಬಿಡಲಾಯಿತು. ಪಿಎಚ್.ಡಿ. ಪದವಿಗೆ ಪ್ರಬಂಧ ಪ್ರಕಟವಾಗಿರಲೇಬೇಕೆಂಬ ನಿಯಮ 2022ರಲ್ಲಿ ಸಡಿಲವಾಯಿತು. ಪಟ್ಟಿಗಳು ಬರುತ್ತವೆ, ಹೋಗುತ್ತವೆ. ಓದುವ ಹೊಣೆಯನ್ನು ಪಟ್ಟಿಗೆ ವಹಿಸಿಕೊಡಲು ಬರುವುದಿಲ್ಲ.

ಇಷ್ಟು ಹೊತ್ತು ಪರರ ತಪ್ಪುಗಳನ್ನು ಹೇಳಿದೆ. ನನ್ನದೊಂದನ್ನು ಹೇಳದೆ ಹೋದರೆ ಈ ಭಾಷಣದ ತಲೆಬರಹಕ್ಕೆ ನಾನು ಅರ್ಹನಾಗುವುದಿಲ್ಲ.

ಬಹಳ ವರ್ಷಗಳ ಹಿಂದೆ ನಾನು ಒಂದು ಚಿಕ್ಕ ತ್ರೈಮಾಸಿಕದ ಸಂಪಾದನೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಹೆಸರಾಂತ ವಿದ್ವಾಂಸರೊಬ್ಬರು ಒಂದು ವೀರಗಲ್ಲಿನ ಶಾಸನವನ್ನು ಕುರಿತು ಲೇಖನ ಕಳುಹಿಸಿದರು. ಅವರ ಲೇಖನವೆಂದ ಮೇಲೆ ಪರಿಶೀಲನೆ ಏಕೆ ಎಂದು ನೇರವಾಗಿ ಅಚ್ಚಿಗೆ ಕೊಟ್ಟೆ. ಸಂಚಿಕೆ ಹೊರಬಿದ್ದ ಹದಿನೈದು ದಿನಗಳಿಗೆ ಒಂದು ಕಾರ್ಡು ಬಂದಿತು. ಬರೆದವರು ಆ ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ಆ ಕಲ್ಲನ್ನು ಬೇಲಿಯೊಳಗಿಂದ ತೆಗೆಸಿ, ತೊಳೆದು, ಎರಡು ಬೇಸಗೆಯ ರಜೆಗಳಲ್ಲಿ ಓದಿ ಪ್ರತಿ ಮಾಡಿದವರು ತಾವೆಂದೂ, ಆ ಪ್ರತಿಯನ್ನು ಅಭಿಪ್ರಾಯಕ್ಕಾಗಿ ವಿದ್ವಾಂಸರಿಗೆ ಕಳುಹಿಸಿದ್ದುದಾಗಿಯೂ ತಿಳಿಸಿದ್ದರು. ತಾವು ಅನುಮಾನದಿಂದ ಬರೆದಿದ್ದ ಎರಡು ಅಕ್ಷರಗಳೂ ಹಾಗೆಯೇ ಅಚ್ಚಾಗಿವೆ ಎಂದು ಗುರುತು ಹೇಳಿದ್ದರು. ನಾನು ವಿಚಾರಿಸಿದೆ, ಅದು ನಿಜವಾಗಿದ್ದಿತು. ಆದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ, ಮುಂದಿನ ಸಂಚಿಕೆಯಲ್ಲಿ ನೋಡೋಣ ಎಂದು ಕಾರ್ಡನ್ನು ಕಡತದಲ್ಲಿಟ್ಟೆ. ಮುಂದಿನ ಸಂಚಿಕೆ, ಅದರ ಮುಂದಿನ ಸಂಚಿಕೆ ಎಂದು ಎರಡು ವರ್ಷ ಕಳೆದವು. ಕೊನೆಗೆ ಮನಸ್ಸು ತಡೆಯದೆ ಒಂದು ತಿದ್ದುಪಡಿಯನ್ನು ಪ್ರಕಟಿಸಿದೆ. ಚಂದಾದರ ವಿವರದ ಕೆಳಗೆ, ಸಣ್ಣ ಅಕ್ಷರದಲ್ಲಿ, ನಾಲ್ಕು ಸಾಲು. ಅಷ್ಟರಲ್ಲಿ ಮೂರು ಪುಸ್ತಕಗಳು ಆ ಶಾಸನವನ್ನು ವಿದ್ವಾಂಸರ ಹೆಸರಿನಲ್ಲಿಯೇ ಉದಾಹರಿಸಿದ್ದವು. ಇಂದಿಗೂ ಅದು ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ನನ್ನ ನಾಲ್ಕು ಸಾಲುಗಳನ್ನು ಯಾರೂ ಉದಾಹರಿಸಿಲ್ಲ.

ಮೇಷ್ಟ್ರಿಂದ ಇನ್ನೊಂದು ಕಾರ್ಡು ಬಂದಿತು. ‘ತಮ್ಮಿಂದ ದೊಡ್ಡ ಉಪಕಾರವಾಯಿತು’ ಎಂದಿಷ್ಟೇ ಬರೆದಿದ್ದರು. ಅವರು ನಿಂದಿಸಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ತಡವಾಗಿ, ಮರೆಯಲ್ಲಿ ಮಾಡಿದ ತಿದ್ದುಪಡಿ ಅರ್ಧ ತಿದ್ದುಪಡಿ ಎಂಬುದನ್ನು ನನಗೆ ಕಲಿಸಿದವರು ಆ ಮೇಷ್ಟ್ರು. ತಪ್ಪು ಯಾವ ದೊಡ್ಡ ಅಕ್ಷರದಲ್ಲಿ ಅಚ್ಚಾಯಿತೋ ಒಪ್ಪೂ ಅದೇ ಅಕ್ಷರದಲ್ಲಿ ಅಚ್ಚಾಗಬೇಕು. ದೊಡ್ಡ ಹೆಸರನ್ನು ಕಂಡು ಪರಿಶೀಲನೆಯನ್ನು ಬಿಡುವುದು ವಿನಯವಲ್ಲ. ಅದು ಚಿಕ್ಕ ಹೆಸರಿನವನಿಗೆ ಮಾಡುವ ಅನ್ಯಾಯ.

ಮರುದಿನ ತರುಣ ಮಿತ್ರರು ಬಂದಾಗ ಈ ಕಥೆಯನ್ನೇ ಅವರಿಗೆ ಹೇಳಿದೆ. ಹಣ ಕಟ್ಟಿ ಎಂದೂ ಹೇಳಲಿಲ್ಲ, ಕಟ್ಟಬೇಡಿ ಎಂದೂ ಹೇಳಲಿಲ್ಲ. “ನಿಮ್ಮ ಪ್ರಬಂಧದಲ್ಲಿ ತಪ್ಪೇನಾದರೂ ಇದ್ದರೆ ಅದನ್ನು ನಿಮಗೆ ಹೇಳುವವರು ಆ ಪತ್ರಿಕೆಯಲ್ಲಿ ಯಾರಾದರೂ ಇದ್ದಾರೆಯೆ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೊರಟುಹೋದರು.

ಏಳು ತಿಂಗಳ ಅನಂತರ ಮತ್ತೆ ಬಂದರು. ಆ ಪ್ರಬಂಧವನ್ನು ನಿಧಾನವಾಗಿ ಹೊರಡುವ, ಹಣ ಕೇಳದ ಒಂದು ಪತ್ರಿಕೆಗೆ ಕಳುಹಿಸಿದ್ದರಂತೆ. ಅದು ಹಿಂದಕ್ಕೆ ಬಂದಿತ್ತು, ಜೊತೆಯಲ್ಲಿ ಹೆಸರಿಲ್ಲದ ಪರಿಶೀಲಕರೊಬ್ಬರ ನಾಲ್ಕು ಪುಟಗಳ ಆಕ್ಷೇಪಣೆಗಳಿದ್ದವು. ಒಂದು ಕೋಷ್ಟಕದಲ್ಲಿ ಕೂಡುವ ಲೆಕ್ಕವೇ ತಪ್ಪಿದ್ದಿತು. ಅದನ್ನು ತಿದ್ದಿದರೆ ತೀರ್ಮಾನದ ಅರ್ಧ ಭಾಗ ನಿಲ್ಲುವಂತಿರಲಿಲ್ಲ. “ಸಾರ್, ನನ್ನ ಬರಹವನ್ನು ಇಷ್ಟು ಗಮನವಿಟ್ಟು ಇದುವರೆಗೆ ಯಾರೂ ಓದಿರಲಿಲ್ಲ” ಎಂದರು. ಉಳಿದ ಅರ್ಧವನ್ನು ಮತ್ತೆ ಬರೆಯುತ್ತಿದ್ದಾರೆ. ಬಡ್ತಿ ಇನ್ನೂ ಬಂದಿಲ್ಲ. ಬೇಗ ಬರಲಿ ಎಂದು ಹಾರೈಸುತ್ತೇನೆ. ಬರದೆ ಉಳಿದರೆ ಆ ಹೊಣೆ ಅವರದಲ್ಲ, ಎಣಿಸಲು ಕಲಿತು ಓದುವುದನ್ನು ಮರೆತ ನಮ್ಮೆಲ್ಲರದು.

ಆ ನಾಲ್ಕು ಪುಟಗಳನ್ನು ಬರೆದವರು ಯಾರೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಂಬಳವಿಲ್ಲದೆ, ಹೆಸರಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಪರರ ಲೆಕ್ಕವನ್ನು ಕೂಡಿಸಿ ನೋಡಿದ ಯಾರೋ ಒಬ್ಬರು. ವಿದ್ವತ್ತಿನ ಮನೆ ನಿಂತಿರುವುದು ಇಂಥವರಿಂದ. ಇನ್ನು ಮುಂದೆ ತಾವು ಯಾವುದಾದರೂ ಹಳೆಯ ಪುಸ್ತಕವನ್ನು ತೆರೆದಾಗ ಕೊನೆಯ ಪುಟವನ್ನೂ ಒಮ್ಮೆ ತಿರುವಿ ನೋಡಿ. ಅಲ್ಲಿ ‘ತಪ್ಪು–ಒಪ್ಪು’ ಎಂದಿದ್ದರೆ, ಆ ಪುಸ್ತಕದ ಉಳಿದ ಪುಟಗಳನ್ನು ಸ್ವಲ್ಪ ಹೆಚ್ಚು ನಂಬಬಹುದು.